ಕೂಲಿಯವರ ಮಿತ್ರನಾದ ಶಾಫ್ಟ್ಸ್‌ಬರಿ ಪ್ರಭುವು

ಬೆಳಿಗ್ಗೆ ಕೆಲಸಕ್ಕೆ ಹೋದ ಕೂಲಿಯಾಳು ಸಂಜೆ ಇಂಥ ಹೊತ್ತಿಗೆ ಮನೆಗೆ ಹಿಂದಿರುಗುವನೆಂದು ಅವನ ಹೆಂಡತಿ ಮಕ್ಕಳಿಗೆ ತಿಳಿದಿರುವುದು ಸಣ್ಣ ಭಾಗ್ಯವಲ್ಲ. ದಿನಕ್ಕೆ ಇಂತಿಷ್ಟೇ ತಾಸು ಕೆಲಸ, ಊಟಕ್ಕೆ ಇಷ್ಟು ಬಿಡುವು, ವಾರಕ್ಕೊಂದು ದಿವಸ ವಿಶ್ರಾಂತಿ, ಎಳೆಯ ಮಕ್ಕಳು ಯಂತ್ರದ ಬಳಿ ಸುಳಿಯಕೂಡದು ಎಂಬೀ ಕಟ್ಟಳೆಗಳು ಮಳೆಗಾಲದ ಹುಲ್ಲಿನಂತೆ ತಾವಾಗಿ ಹುಟ್ಟಿದವುಗಳಲ್ಲ. ಒಂದೊಂದು ತಾಸಿಗಾಗಿ ವರುಷಗಟ್ಟಲೆ ಹೋರಾಡಿದವರುಂಟು. ಅವರಲ್ಲಿ ಮುಖ್ಯನಾದ ಒಬ್ಬನ ವೃತ್ತಾಂತವನ್ನು ನಾವು ಈ ಸಾರಿ ಹೇಳಬೇಕೆಂದಿದ್ದೇವೆ. ಈತನು ತನ್ನ ಜೀವಮಾನದಲ್ಲಿ ಒಂದು ದಿನವಾದರೂ ಕೂಲಿಗೆ ಹೋದವನಲ್ಲ. ದೊಡ್ಡ ಭೂಮಾಲಿಕನ ಹಿರಿಯ ಮಗನು. ಆದರೂ ಕೂಲಿಯವರು ತಮ್ಮ ದುಃಖವನ್ನು ಹೇಳಿಕೊಳ್ಳುವದಕ್ಕೆ ಐವತ್ತು ವರುಷ ಈತನ ಬಾಗಿಲಿಗೇ ಬಂದರು.

ಆಂಥನಿ ಆಷ್ಲೀ ಕೂಪರ್ ಎಂಬ ಈತನು 1801ನೆಯ ಇಸವಿ ಎಪ್ರಿಲ್ 28ರಂದು ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ಇವನ ಮನೆತನದ ಯಜಮಾನರಿಗೆ ಶಾಫ್ಟ್ಸ್‌ಬರಿ ಪ್ರಭುಗಳೆಂಬ ಪದವಿಯು ಪರಂಪರೆಯಾಗಿ ಬರುತ್ತಿತ್ತು. ಮನೆಯಲ್ಲಿ ಸಿರಿಯಿದ್ದರೂ ಮಗುವಿಗೆ ಮಮತೆಯಿರಲಿಲ್ಲ. ತಂದೆಯು ಕಠಿಣನು, ತಾಯಿಗೆ ಔತಣ ಸಂದರ್ಶನಗಳಿಂದ ಪುರುಸತ್ತಿಲ್ಲ. ಅವನನ್ನು ಕಳುಹಿಸಿದ ಮೊದಲನೆಯ ಶಾಲೆಯಲ್ಲಿ ಹಸಿವೂ ಚಳಿಯೂ ದೊಡ್ಡ ಹುಡುಗರ ಹೊಡೆತವೂ ಇದ್ದವು. ಈ ಮಗುವನ್ನು ಪ್ರೀತಿಸಿದವಳು ಮನೆಯ ಕೆಲಸದವಳಾದ ಮರಿಯಾ ಮಿಲಿಸ್ ಎಂಬವಳೊಬ್ಬಳೇ. ಆಕೆಯು ಅವನನ್ನು ಮಡಿಲಲ್ಲಿ ಕೂಡ್ರಿಸಿಕೊಂಡು ಸತ್ಯವೇದದ ಕಥೆಗಳನ್ನು ಹೇಳಿ, ಪ್ರಾರ್ಥನೆಮಾಡುವದಕ್ಕೆ ಕಲಿಸಿದಳು. ಅವನು ಇನ್ನೂ ಚಿಕ್ಕವನಾಗಿರುವಾಗಲೇ ಆಕೆಯು ತೀರಿಕೊಂಡು, ತನ್ನ ಗಡಿಯಾರವನ್ನು ಅವನಿಗೆ ಬಿಟ್ಟುಹೋದಳು. ಅವನು ದೊಡ್ಡ ಪ್ರಭುವಾದ ಮೇಲೆಯೂ ಬೇರೆ ಗಡಿಯಾರವನ್ನು ಬಯಸದೆ ಅದನ್ನೇ ಧರಿಸುತ್ತಾ, ಲೋಕದಲ್ಲಿ ತನಗಿದ್ದ ಅತಿ ಶ್ರೇಷ್ಠ ಸ್ನೇಹಿತಳು ಅದನ್ನು ಕೊಟ್ಟಳೆಂದು ಹೇಳುತ್ತಿದ್ದನು. ಸೇವಕರನ್ನು ಮನುಷ್ಯರೆಂದು ಕಾಣುವ ಕಣ್ಣು ಅವನಿಗೆ ಒಬ್ಬ ಸೇವಕಳಿಂದಲೇ ದೊರಕಿತು.

ಹ್ಯಾರೋ ಎಂಬ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ ಅವನು ಒಂದು ದಿವಸ ಗುಡ್ಡದ ದಾರಿಯಲ್ಲಿ ಬಡವನೊಬ್ಬನ ಶವವು ಬರುವದನ್ನು ಕಂಡನು. ಹೊತ್ತವರು ಕುಡಿದಿದ್ದರು, ಹಾಡುತ್ತಾ ತೂಗಾಡುತ್ತಾ ಬಂದು, ತಿರುವಿನಲ್ಲಿ ಪೆಟ್ಟಿಗೆಯನ್ನು ನೆಲಕ್ಕೆ ಬೀಳಿಸಿ ಕೆಟ್ಟ ಮಾತುಗಳನ್ನಾಡಿದರು. ಹಿಂದೆ ಅಳುವವರು ಯಾರೂ ಇರಲಿಲ್ಲ. ಮನುಷ್ಯನು ಬಡವನಾದ ಮಾತ್ರಕ್ಕೆ ಇಂಥಾ ಅವಮಾನವೋ ಎಂದು ಹುಡುಗನು ನಡುಗಿದನು. ತನ್ನ ಬಾಳನ್ನು ದಿಕ್ಕಿಲ್ಲದವರಿಗಾಗಿ ಕಳೆಯಬೇಕೆಂಬ ನಿಶ್ಚಯವು ಆ ದಾರಿಯಲ್ಲಿಯೇ ಹುಟ್ಟಿತೆಂದು ಅವನು ಮುದುಕನಾದ ಮೇಲೆ ಹೇಳಿದನು. ಮುಂದೆ ಆಕ್ಸ್‌ಫರ್ಡಿನಲ್ಲಿ ವಿದ್ಯೆಯನ್ನು ಮುಗಿಸಿ, 1826ರಲ್ಲಿ ಪಾರ್ಲಿಮೆಂಟಿನ ಜನಸಭೆಗೆ ಆರಿಸಲ್ಪಟ್ಟನು. ಆಗ ಅವನನ್ನು ಜನರು ಆಷ್ಲೀ ಪ್ರಭುವೆಂದು ಕರೆಯುತ್ತಿದ್ದರು.

ಆ ಕಾಲದ ಗಿರಣಿಗಳ ಸ್ಥಿತಿಯನ್ನು ಇಲ್ಲಿ ತಿಳಿಸಬೇಕು. ಮುಂಚೆ ಇಂಗ್ಲೆಂಡಿನ ನೇಕಾರರೂ ನಮ್ಮ ನೇಕಾರರಂತೆ ಮನೆಯಲ್ಲಿಯೇ ನೂತು ನೇಯುತ್ತಿದ್ದರು. ಕೆಲಸವು ಕಷ್ಟವಾದರೂ ದಣಿದಾಗ ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಸ್ವಾತಂತ್ರ್ಯವಿತ್ತು. ನೀರಿನ ಬಲದಿಂದಲೂ ಆಮೇಲೆ ಉಗಿಯ ಬಲದಿಂದಲೂ ಓಡುವ ಯಂತ್ರಗಳು ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಯಂತ್ರಕ್ಕೆ ದಣಿವಿಲ್ಲ, ಅದು ಓಡುವಷ್ಟು ಹೊತ್ತು ಮನುಷ್ಯನೂ ಅದರೊಂದಿಗೆ ಓಡಬೇಕಾಯಿತು. ಕಡಿದುಹೋದ ಎಳೆಗಳನ್ನು ಹೊಸೆದು ಕೂಡಿಸುವದಕ್ಕೂ, ಓಡುವ ಯಂತ್ರದ ಅಡಿಯಲ್ಲಿ ನುಸುಳಿ ಹತ್ತಿಯ ಕಸವನ್ನು ಗುಡಿಸುವದಕ್ಕೂ ಸಣ್ಣ ಕೈಗಳೇ ಅನುಕೂಲವೆಂದು ಏಳೆಂಟು ವರುಷದ ಮಕ್ಕಳನ್ನು ಇಟ್ಟುಕೊಂಡರು. ದಿನಕ್ಕೆ 12 ಅಥವಾ 14 ತಾಸು ಕೆಲಸ. ವ್ಯಾಪಾರವು ಭರದಿಂದ ನಡೆಯುವ ಕಾಲದಲ್ಲಿ ಇನ್ನೂ ಹೆಚ್ಚು. ನಿದ್ದೆಯಿಂದ ತೂಕಡಿಸಿದ ಮಗುವಿಗೆ ಚರ್ಮದ ಪಟ್ಟಿಯಿಂದ ಏಟು. ನಿಂತು ನಿಂತು ಎಷ್ಟೋ ಮಕ್ಕಳ ಮೊಣಕಾಲುಗಳು ಒಳಕ್ಕೆ ಬಾಗಿಹೋದವು. ಹತ್ತಿಯ ಧೂಳನ್ನು ಕುಡಿದು ಎದೆಗಳು ಕೆಟ್ಟವು. ಇದನ್ನೆಲ್ಲಾ ಮಾಡಿಸಿದವರು ರಾಕ್ಷಸರೆಂದು ನಾವು ತಿಳಿಯಬಾರದು. ಅನೇಕ ಗಿರಣಿಗಳ ಒಡೆಯರು ಸಭ್ಯರೇ, ದೇವಾಲಯಕ್ಕೆ ಹೋಗುವವರೇ. ನೆರೆಯವನು ಹದಿನಾಲ್ಕು ತಾಸು ಯಂತ್ರವನ್ನು ಓಡಿಸುತ್ತಿರಲು ತಾನೊಬ್ಬನೇ ಹತ್ತಕ್ಕೆ ನಿಲ್ಲಿಸಿದರೆ ವ್ಯಾಪಾರವು ಮುಳುಗೀತೆಂಬ ಭಯವು ಅವರ ಕಣ್ಣನ್ನು ಕಟ್ಟಿತ್ತು.

ದಿನಕ್ಕೆ ಹತ್ತೇ ತಾಸು ಕೆಲಸವಿರಬೇಕೆಂದು ಕೂಲಿಯವರು ಊರೂರಲ್ಲಿ ಕೂಡಿ ಬೇಡಿಕೊಂಡರು. ಮೈಕಲ್ ಸ್ಯಾಡ್ಲರ್ ಎಂಬಾತನು ಪಾರ್ಲಿಮೆಂಟಿನಲ್ಲಿ ಅವರ ಪಕ್ಷವನ್ನು ಹಿಡಿದು, 1832ರಲ್ಲಿ ಗಿರಣಿಯವರ ಸಾಕ್ಷಿಗಳನ್ನು ಬರೆಯಿಸಿಕೊಂಡನು. ಆದರೆ ಅದೇ ವರುಷದ ಚುನಾವಣೆಯಲ್ಲಿ ಸೋತನು. 1833ರಲ್ಲಿ ಜಾರ್ಜ್ ಬುಲ್ ಎಂಬ ಉಪದೇಶಕನು ಕೂಲಿಯವರ ಪರವಾಗಿ ಲಂಡನಿಗೆ ಬಂದು, ಆಷ್ಲೀ ಪ್ರಭುವನ್ನು ಕಂಡು, ಈ ಭಾರವನ್ನು ಹೊರಬೇಕೆಂದು ಕೇಳಿಕೊಂಡನು. ಆಷ್ಲೀಗೆ ಆಗ 31 ವರುಷ. ಈ ಕೆಲಸಕ್ಕೆ ಕೈಹಾಕಿದರೆ ಪದವಿಯ ಆಶೆಯನ್ನು ಬಿಡಬೇಕು, ಸ್ವಂತ ಪಕ್ಷದವರ ಹಗೆಯನ್ನು ಕಟ್ಟಿಕೊಳ್ಳಬೇಕು ಎಂದು ಅವನು ಬಲ್ಲನು. ಯೋಚನೆಗೆ ಸ್ವಲ್ಪ ಸಮಯ ಬೇಡಿ, ಪ್ರಾರ್ಥಿಸಿ, ಹೆಂಡತಿಯಾದ ಎಮಿಲಿಗೆ ವಿಷಯವನ್ನು ತಿಳಿಸಿದನು. ಮುಂದೆ ಬರಬಹುದಾದ ನಷ್ಟಗಳನ್ನು ಒಂದನ್ನೂ ಮುಚ್ಚಿಡಲಿಲ್ಲ. ಆಕೆಯು ಎಲ್ಲವನ್ನೂ ಕೇಳಿ, ಇದು ಅವನ ಕರ್ತವ್ಯವಾಗಿರುವದರಿಂದ ಫಲವೇನೆಂದು ನೋಡದೆ ಮುಂದುವರಿಯಬೇಕೆಂದಳು. ಮನೆಯವಳ ಈ ಒಂದು ಮಾತು ಇಲ್ಲದಿದ್ದರೆ ಮುಂದಿನ ಕಥೆಯೂ ಇರುತ್ತಿತ್ತೋ ಇಲ್ಲವೋ.

ಆ ವರುಷ ಆಷ್ಲೀ ತಂದ ಹತ್ತು ತಾಸಿನ ಮಸೂದೆಯು ಸೋತಿತು. ಅದಕ್ಕೆ ಬದಲಾಗಿ ಸರಕಾರವು ತನ್ನದೊಂದು ಕಾಯಿದೆಯನ್ನು ಮಾಡಿತು. ಅದರಂತೆ ರೇಷ್ಮೆಯ ಗಿರಣಿಗಳ ಹೊರತು ಇತರ ಬಟ್ಟೆ ಗಿರಣಿಗಳಲ್ಲಿ 9 ವರುಷಕ್ಕೆ ಕಡಿಮೆಯಾದ ಮಕ್ಕಳನ್ನು ಇಡಕೂಡದು. 13 ವರುಷದೊಳಗಿನವರಿಗೆ ವಾರಕ್ಕೆ 48 ತಾಸಿಗಿಂತ ಹೆಚ್ಚು ಕೆಲಸ ಕೂಡದು. 18ರ ವರೆಗಿನವರಿಗೆ ದಿನಕ್ಕೆ 12 ತಾಸು. ಇವೆಲ್ಲಾ ನಡೆಯುತ್ತವೋ ಎಂದು ನೋಡುವದಕ್ಕೆ ದೇಶಕ್ಕೆಲ್ಲಾ ನಾಲ್ವರೇ ತನಿಖೆದಾರರು. ಹುಟ್ಟಿದ ದಿನವನ್ನು ಸರಕಾರದಲ್ಲಿ ಬರೆಯಿಸುವ ಪದ್ಧತಿಯು 1837ರಲ್ಲಿ ಮಾತ್ರ ಆರಂಭವಾದದರಿಂದ, ಮಗುವಿನ ಪ್ರಾಯವನ್ನು ಎತ್ತರದಿಂದಲೂ ಹಲ್ಲುಗಳಿಂದಲೂ ಊಹಿಸಬೇಕಾಗಿತ್ತು. ಸುಳ್ಳಿಗೆ ಬಾಗಿಲು ತೆರೆದೇ ಇತ್ತು. ಆದರೂ ಯಜಮಾನನ ಗೋಡೆಯೊಳಗೆ ಸರಕಾರದ ಕಣ್ಣು ಹೋಗಬಹುದೆಂಬ ನಿಯಮವು ಅಂದಿನಿಂದ ಗಟ್ಟಿಯಾಯಿತು.

ಹತ್ತು ತಾಸಿನ ವಿಷಯದಲ್ಲಿ ಎದುರಾಳಿಗಳು ಬಲವಾದ ವಾದಗಳನ್ನೇ ತಂದರು. ಗಿರಣಿಯ ಲಾಭವೆಲ್ಲಾ ದಿನದ ಕಡೆಯ ತಾಸಿನಲ್ಲಿ ಹುಟ್ಟುತ್ತದೆ. ಆ ತಾಸನ್ನು ಕಡಿದರೆ ಲಾಭವಿಲ್ಲ, ಲಾಭವಿಲ್ಲದಿದ್ದರೆ ಗಿರಣಿಯಿಲ್ಲ, ಗಿರಣಿಯಿಲ್ಲದಿದ್ದರೆ ಕೂಲಿಗೆ ಅನ್ನವಿಲ್ಲ ಎಂದು ನಾಸೊ ಸೀನಿಯರ್ ಎಂಬ ಅರ್ಥಶಾಸ್ತ್ರಜ್ಞನು 1837ರಲ್ಲಿ ಲೆಕ್ಕ ಹಾಕಿ ತೋರಿಸಿದನು. ಆಷ್ಲೀ ಈ ಲೆಕ್ಕಕ್ಕೆ ಹೆದರಲಿಲ್ಲ. ಅವನ ರೀತಿಯು ಬೇರೆ: ಕಿವಿಯಿಂದ ಕೇಳಿದ್ದನ್ನು ಕಣ್ಣಿನಿಂದ ನೋಡುವ ತನಕ ಅವನು ಸಭೆಯಲ್ಲಿ ಮಾತಾಡುತ್ತಿರಲಿಲ್ಲ. ಉತ್ತರ ಸೀಮೆಯ ಗಿರಣಿಗಳೊಳಗೆ ಹೋಗಿ ನಿಂತನು. ಆಸ್ಪತ್ರೆಗಳಲ್ಲಿ ಕೈಕಾಲು ಮುರಿದವರ ಹಾಸಿಗೆಯ ಬಳಿ ಕೂತನು. ಕೂಲಿಯವರ ಮನೆಗಳಿಗೆ ಹೋಗಿ ಅವರ ಬಾಯಿಂದಲೇ ಕೇಳಿದನು. ಮರೆಮಾಡದ ಯಂತ್ರದ ದಂಡಕ್ಕೆ ಸಿಕ್ಕಿ ಅಂಗಹೀನಳಾದ ಒಬ್ಬ ಹುಡುಗಿಯ ಪರವಾಗಿ ತಾನೇ ವ್ಯಾಜ್ಯ ಹೂಡಿಸಿ, ಅವಳಿಗೆ ಪರಿಹಾರದ ಹಣವನ್ನು ಕೊಡಿಸಿದನು. 1844ರ ಕಾಯಿದೆಯು ಯಂತ್ರಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿತು. 1841ರಲ್ಲಿ ಮುಖ್ಯಮಂತ್ರಿಯಾದ ಪೀಲ್ ಎಂಬವನು ಅವನಿಗೆ ಅರಮನೆಯಲ್ಲಿ ಒಂದು ಉದ್ಯೋಗವನ್ನು ಕೊಡಲು ಬಂದನು. ಹತ್ತು ತಾಸಿನ ಕಾಯಿದೆಗೆ ಸರಕಾರವು ಒಪ್ಪುವದಿಲ್ಲವೆಂದು ಕಂಡು ಆಷ್ಲೀ ಅದನ್ನು ಬೇಡವೆಂದನು. ಆಗ ಅವನ ಸಂಸಾರವು ದೊಡ್ಡದು, ಕೈಯಲ್ಲಿ ಹಣವು ಕಡಿಮೆ ಎಂಬದನ್ನು ನಾವು ನೆನಸಬೇಕು.

ಈ ನಡುವೆ ಇನ್ನೊಂದು ಕತ್ತಲೆಯು ಬೈಲಿಗೆ ಬಂತು. 1838ನೇ ಜುಲಾಯಿ 4ರಂದು ಯಾರ್ಕ್‌ಷೈರ್ ಸೀಮೆಯ ಸಿಲ್ಕ್‌ಸ್ಟನ್ ಎಂಬಲ್ಲಿ ಬಿರುಮಳೆಯ ನೀರು ಕಲ್ಲಿದ್ದಲಿನ ಗಣಿಗೆ ನುಗ್ಗಿ 26 ಮಕ್ಕಳು ಸತ್ತರು. ಅಷ್ಟು ಮಕ್ಕಳು ನೆಲದಡಿಯಲ್ಲಿ ಏನು ಮಾಡುತ್ತಿದ್ದರೆಂದು ಜನರು ಕೇಳಲಾರಂಭಿಸಿದರು. ಆಷ್ಲೀಯ ಪ್ರಯತ್ನದಿಂದ 1840ರಲ್ಲಿ ವಿಚಾರಣಾ ಮಂಡಲಿಯು ನೇಮಕವಾಯಿತು. 1842ರಲ್ಲಿ ಅದರ ವರದಿಯು ಚಿತ್ರಗಳೊಂದಿಗೆ ಹೊರಬಿತ್ತು. ಐದಾರು ವರುಷದ ಮಕ್ಕಳು ಗಾಳಿಯ ಬಾಗಿಲುಗಳನ್ನು ತೆರೆದು ಮುಚ್ಚುವದಕ್ಕಾಗಿ ದಿನಕ್ಕೆ 12 ತಾಸು ಕತ್ತಲೆಯಲ್ಲಿ ಒಬ್ಬೊಬ್ಬರೇ ಕೂತಿದ್ದರು. ಹೆಂಗಸರೂ ಹುಡುಗಿಯರೂ ಸೊಂಟಕ್ಕೆ ಪಟ್ಟಿ ಕಟ್ಟಿ, ಕಾಲುಗಳ ನಡುವೆ ಸರಪಣಿ ಹಾಕಿಕೊಂಡು, ಎತ್ತುಗಳಂತೆ ಕೈಮೊಣಕಾಲೂರಿ ಕಲ್ಲಿದ್ದಲಿನ ಬಂಡಿಗಳನ್ನು ಎಳೆಯುತ್ತಿದ್ದರು. ಜೂನ್ 7ರಂದು ಆಷ್ಲೀ ಜನಸಭೆಯಲ್ಲಿ ಎದ್ದು ಸುಮಾರು ಎರಡು ತಾಸು ಇವನ್ನೆಲ್ಲಾ ಬಿಡಿಸಿ ಹೇಳಿದನು. ಅನೇಕರು ಕಣ್ಣೀರಿಟ್ಟರು. ಅವನನ್ನು ಯಾವಾಗಲೂ ವಿರೋಧಿಸುತ್ತಿದ್ದ ರಿಚರ್ಡ್ ಕಾಬ್ಡೆನ್ ಎಂಬವನು ತನ್ನ ಸ್ಥಳವನ್ನು ಬಿಟ್ಟು ಬಂದು ಕೈಹಿಡಿದನು. ಗಣಿಗಳ ಒಡೆಯರಾದ ಪ್ರಭುಗಳು ಮೇಲಣ ಸಭೆಯಲ್ಲಿ ಮಸೂದೆಯನ್ನು ಕತ್ತರಿಸಿದರು. ಹುಡುಗರ ಪ್ರಾಯದ ಮಿತಿಯು 13ರಿಂದ 10ಕ್ಕೆ ಇಳಿಯಿತು. ಹೀಗಿದ್ದರೂ ಆಗಸ್ಟ್ 10ರಂದು ಕಾಯಿದೆಯಾಯಿತು. ಹೆಂಗಸರೂ ಹುಡುಗಿಯರೂ 10 ವರುಷದೊಳಗಿನ ಗಂಡುಮಕ್ಕಳೂ ಗಣಿಯ ಕತ್ತಲೆಯಿಂದ ಬಿಡುಗಡೆ ಹೊಂದಿದರು. ಕೆಲಸ ಹೋದ ಕೆಲವು ಹೆಂಗಸರಿಗೆ ಮೊದಮೊದಲು ಅನ್ನಕ್ಕೆ ಕಷ್ಟವಾಯಿತೆಂಬದೂ ನಿಜವೇ. ಒಳ್ಳೇ ಕಾಯಿದೆಯು ಸಹ ಬಡವರ ಹೊಟ್ಟೆಯನ್ನು ತಾನಾಗಿ ತುಂಬಿಸುವದಿಲ್ಲ.

ಹತ್ತು ತಾಸಿನ ಕಾಯಿದೆಯ ಜಯವನ್ನು ಆಷ್ಲೀ ಸಭೆಯಲ್ಲಿ ಕೂತು ನೋಡಲಿಲ್ಲ. ಹೊರದೇಶದ ಧಾನ್ಯದ ಮೇಲಿದ್ದ ಸುಂಕದ ವಿಷಯದಲ್ಲಿ ಅವನ ಅಭಿಪ್ರಾಯವು ಬದಲಾಯಿತು. ಆ ಸುಂಕವನ್ನು ಉಳಿಸುವನೆಂದು ನಂಬಿ ರೈತರು ತನ್ನನ್ನು ಆರಿಸಿರುವಾಗ, ಅವರ ಸ್ಥಾನದಲ್ಲಿ ಕೂತು ಅದಕ್ಕೆ ವಿರುದ್ಧವಾಗಿ ಮತ ಕೊಡುವದು ಮೋಸವೆಂದು ಎಣಿಸಿ, 1846ರಲ್ಲಿ ಸ್ಥಾನವನ್ನೇ ಬಿಟ್ಟುಕೊಟ್ಟನು. ಹದಿಮೂರು ವರುಷ ಹೊತ್ತ ಕೆಲಸವನ್ನು ದಡದ ಹತ್ತಿರ ಮತ್ತೊಬ್ಬನ ಕೈಗೆ ಒಪ್ಪಿಸುವದು ಸುಲಭವೋ? ಅದನ್ನು ವಹಿಸಿಕೊಂಡವನು ಜಾನ್ ಫೀಲ್ಡನ್. ಇವನು ತಾನೇ ದೊಡ್ಡ ಗಿರಣಿಯ ಒಡೆಯನು. ಆದರೆ ಹತ್ತು ವರುಷದ ಹುಡುಗನಾಗಿದ್ದಾಗ ತಂದೆಯ ಗಿರಣಿಯಲ್ಲಿ ದುಡಿದು ಆ ದಣಿವನ್ನು ಮೈಯಲ್ಲಿ ಅರಿತವನು. 1847ನೇ ಜೂನ್ 8ರಂದು ಮಸೂದೆಯು ಕಾಯಿದೆಯಾಯಿತು. ಅದು ಬಟ್ಟೆ ಗಿರಣಿಗಳ ಹೆಂಗಸರಿಗೂ 18ರೊಳಗಿನವರಿಗೂ ಮಾತ್ರ ಹತ್ತು ತಾಸನ್ನು ನಿಗದಿಮಾಡಿತು. ಆದರೆ ಅವರಿಲ್ಲದೆ ಗಂಡಸರ ಕೆಲಸವೂ ಸಾಗದಿದ್ದದರಿಂದ, ಅವರ ಯಂತ್ರಗಳೂ ಕಾಲಕ್ರಮದಲ್ಲಿ ಅದೇ ಹೊತ್ತಿಗೆ ನಿಲ್ಲುವಂತಾಯಿತು.

ಯಜಮಾನರು ಸುಮ್ಮನಿರಲಿಲ್ಲ. ಕೆಲಸದವರನ್ನು ಸರದಿಯಂತೆ ಬಿಡುತ್ತಾ ಕರೆಯುತ್ತಾ ಯಂತ್ರವನ್ನು ಹಿಂದಿನಷ್ಟೇ ಹೊತ್ತು ಓಡಿಸಿದರು. ಇದರಿಂದ ಕಾಯಿದೆಯು ಮುರಿಯಲಿಲ್ಲವೆಂದು 1850ರಲ್ಲಿ ನ್ಯಾಯಾಧಿಪತಿಗಳು ತೀರ್ಪು ಕೊಟ್ಟರು. ಮತ್ತೆ ಸಭೆಗೆ ಬಂದಿದ್ದ ಆಷ್ಲೀ ಆಗ ಒಂದು ಒಡಂಬಡಿಕೆಗೆ ಒಪ್ಪಿದನು. ಕೆಲಸವು ಬೆಳಿಗ್ಗೆ 6ರಿಂದ ಸಂಜೆ 6ರ ವರೆಗೆ ಇಲ್ಲವೆ 7ರಿಂದ 7ರ ವರೆಗೆ ಮಾತ್ರ; ನಡುವೆ ಊಟಕ್ಕೆ ಒಂದೂವರೆ ತಾಸು; ಶನಿವಾರ ಮಧ್ಯಾಹ್ನ 2ಕ್ಕೆ ಮುಕ್ತಾಯ. ಹೀಗೆ ದಿನದ ಕೆಲಸವು ಹತ್ತೂವರೆ ತಾಸಾಯಿತು. ಅರ್ಧ ತಾಸನ್ನು ಶತ್ರುಗಳಿಗೆ ಮಾರಿದನೆಂದು ಕೂಲಿಯವರಲ್ಲಿ ಅನೇಕರು ಅವನನ್ನು ದ್ರೋಹಿಯೆಂದರು. ಯಾರಿಗಾಗಿ ಹದಿನೇಳು ವರುಷ ದುಡಿದನೋ ಅವರಿಂದಲೇ ಬಂದ ಈ ನಿಂದೆಯು ಅವನನ್ನು ಬಹಳವಾಗಿ ನೋಯಿಸಿತು. ಆದರೆ ಕೆಲಸದ ಆದಿ ಅಂತ್ಯಗಳೆರಡನ್ನೂ ಗಡಿಯಾರಕ್ಕೆ ಕಟ್ಟಿದ್ದರಿಂದ ಮೋಸಕ್ಕೆ ಸಂದು ಕಡಿಮೆಯಾಯಿತು. ಬಿಟ್ಟುಹೋಗಿದ್ದ ಮಕ್ಕಳನ್ನೂ 1853ರಲ್ಲಿ ಇದೇ ಕಟ್ಟಳೆಯೊಳಗೆ ತಂದರು. ಗಿರಣಿಗಳು ಮುಳುಗಲಿಲ್ಲ. ದಣಿಯದ ಕೈಯು ತಪ್ಪುಗಳನ್ನು ಕಡಿಮೆ ಮಾಡುತ್ತದೆಂದು ಒಡೆಯರೇ ಕಂಡರು. ಹಿಂದೆ ವಿರೋಧಿಸಿದ್ದ ಸರ್ ಜೇಮ್ಸ್ ಗ್ರಹಾಮ್ ಮತ್ತು ರೋಬಕ್ ಎಂಬಿಬ್ಬರು ಪ್ರಮುಖರು ತಾವು ತಪ್ಪಿದ್ದೆವೆಂದು 1860ರಲ್ಲಿ ಜನಸಭೆಯಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು.

1851ರಲ್ಲಿ ತಂದೆಯು ತೀರಿಹೋಗಲು ಆಷ್ಲೀ ಏಳನೆಯ ಶಾಫ್ಟ್ಸ್‌ಬರಿ ಪ್ರಭುವಾದನು. ಇಲ್ಲಿ ಅವನಿಗೊಂದು ಕಠಿಣ ಪರೀಕ್ಷೆಯಿತ್ತು. ಪರರ ಗಿರಣಿಗಳನ್ನು ದೂರುವ ಈತನ ಸ್ವಂತ ಊರಿನಲ್ಲಿ, ಅಂದರೆ ಡಾರ್ಸೆಟ್ ಸೀಮೆಯಲ್ಲಿ, ಹೊಲದ ಆಳುಗಳ ಕೂಲಿಯು ಅತಿ ಅಲ್ಪ, ಗುಡಿಸಲುಗಳು ಹಂದಿಯ ಗೂಡಿಗೂ ಕಡೆ ಎಂದು ವಿರೋಧಿಗಳು ಬಹುಕಾಲದಿಂದ ಹಂಗಿಸುತ್ತಿದ್ದರು. ಆ ಮಾತಿನಲ್ಲಿ ಸತ್ಯವಿತ್ತು. ಅವನು 1843ರಲ್ಲಿಯೇ ಅಲ್ಲಿನ ಭೂಮಾಲಿಕರ ಮುಂದೆ ನಿಂತು ಈ ಅನ್ಯಾಯವನ್ನು ಎತ್ತಿ ಹೇಳಿದ್ದನು. ಅದರಿಂದ ತಂದೆಯ ಕೋಪಕ್ಕೆ ಗುರಿಯಾಗಿದ್ದನು. ಈಗ ಭೂಮಿಯು ತನ್ನ ಕೈಗೆ ಬಂತು, ಆದರೆ ಸಾಲದ ಹೊರೆಯೊಂದಿಗೇ ಬಂತು. ಅವನು ಗುಡಿಸಲುಗಳನ್ನು ತಾನೇ ನೋಡಿ, ನಾಚಿಕೆಯಿಂದ ತಲೆತಗ್ಗಿಸಿ, ಮನೆತನದ ಚಿತ್ರಪಟಗಳನ್ನು ಮಾರಿ, ಮತ್ತೂ ಸಾಲ ತೆಗೆದು, ಆಳುಗಳಿಗಾಗಿ ಮನೆಗಳನ್ನು ಕಟ್ಟಿಸುತ್ತಾ ಹೋದನು. ನಮ್ಮ ಮನಸ್ಸಿಗೆ ಪಾರ್ಲಿಮೆಂಟಿನ ಜಯಗಳಿಗಿಂತಲೂ ಇದು ದೊಡ್ಡದಾಗಿ ತೋರುತ್ತದೆ. ಪರರ ಅಂಗಳವನ್ನು ಗುಡಿಸಲು ಹೇಳುವದು ಸುಲಭ; ತನ್ನ ಅಂಗಳಕ್ಕೆ ಕಸಬರಿಕೆಯನ್ನು ಹಿಡಿಯುವವನು ಅಪೂರ್ವನು.

ಅವನ ದಯೆಯು ಬಟ್ಟೆ ಗಿರಣಿಯಲ್ಲಿಯೇ ನಿಂತುಹೋಗಲಿಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಹೊಗೆ ಹೋಗುವ ಗೂಡುಗಳನ್ನು ಚೊಕ್ಕಟಮಾಡಲು ಸಣ್ಣ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಇದನ್ನು ನಿಲ್ಲಿಸಲು 1840ರಲ್ಲಿಯೂ 1864ರಲ್ಲಿಯೂ ಕಾಯಿದೆಗಳಾದವು; ಜನರು ಅವನ್ನು ಗಾಳಿಗೆ ತೂರಿದರು. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗನು ಕೇಂಬ್ರಿಜ್ ಸೀಮೆಯ ಒಂದು ಹೊಗೆಗೂಡಿನಲ್ಲಿ ಸಿಕ್ಕಿಕೊಂಡು ಸತ್ತನು. ಎಪ್ಪತ್ತು ವರುಷ ದಾಟಿದ್ದ ಶಾಫ್ಟ್ಸ್‌ಬರಿ ಮತ್ತೆ ಎದ್ದನು. ಪೊಲೀಸರ ಪರವಾನಗಿಯಿಲ್ಲದೆ ಯಾರೂ ಆ ಕಸಬನ್ನು ಮಾಡಕೂಡದೆಂಬ ಕಾಯಿದೆಯು ಅದೇ ವರುಷ ಆಯಿತು. ಅಂದಿನಿಂದ ಆ ಪಾಪವು ಅಡಗಿತು.

ನಮ್ಮ ಹಿಂದೂದೇಶದ ಕೂಲಿಯವರನ್ನೂ ಅವನು ಮರೆಯಲಿಲ್ಲ. ಬೊಂಬಾಯಿಯಲ್ಲಿ 1850ರ ದಶಕದಿಂದ ಹತ್ತಿಯ ಗಿರಣಿಗಳು ಎದ್ದಿದ್ದವು. ಅಲ್ಲಿ ಮಕ್ಕಳೂ ಹೆಂಗಸರೂ ದುಡಿಯುವ ರೀತಿಯನ್ನು ಅವನು 1875ರಲ್ಲಿಯೂ 1879ರಲ್ಲಿಯೂ ಪ್ರಭುಗಳ ಸಭೆಯಲ್ಲಿ ಎತ್ತಿದನು. ಬೊಂಬಾಯಿಯ ಸ್ಪರ್ಧೆಯನ್ನು ಮುರಿಯಬೇಕೆಂದಿದ್ದ ಇಂಗ್ಲೆಂಡಿನ ಗಿರಣಿಯವರೂ ಇದೇ ಮಾತನ್ನೆತ್ತಿದ್ದರಿಂದ ಇಲ್ಲಿನ ಅನೇಕರು ಸಂಶಯಪಟ್ಟರು; ಆ ಸಂಶಯಕ್ಕೆ ಕಾರಣವೂ ಇತ್ತು. ಆದರೆ ಬೊಂಬಾಯಿಯವನೇ ಆದ ಸೊರಾಬ್‌ಜಿ ಶಾಪೂರ್‌ಜಿ ಬೆಂಗಾಲಿ ಎಂಬ ಪಾರಸಿ ಗೃಹಸ್ಥನು ಸಹ ಮಕ್ಕಳ ರಕ್ಷಣೆಗಾಗಿ ಒಂದು ಮಸೂದೆಯನ್ನು ಬರೆದಿದ್ದನು. 1881ರಲ್ಲಿ ಈ ದೇಶದ ಮೊದಲನೆಯ ಕಾರ್ಖಾನೆ ಕಾಯಿದೆಯಾಯಿತು. ನೂರು ಜನರಿಗೆ ಕಡಿಮೆಯಿಲ್ಲದ ಯಂತ್ರದ ಕಾರ್ಖಾನೆಗಳಲ್ಲಿ 7 ವರುಷದೊಳಗಿನ ಮಕ್ಕಳನ್ನು ಇಡಕೂಡದು, 12ರೊಳಗಿನವರಿಗೆ 9 ತಾಸಿಗಿಂತ ಹೆಚ್ಚು ಕೆಲಸ ಕೂಡದು, ತಿಂಗಳಿಗೆ ನಾಲ್ಕು ದಿನ ರಜೆ ಕೊಡಬೇಕು ಎಂದು ಅದು ಹೇಳಿತು. ಬೀಜವು ಚಿಕ್ಕದೇ, ಆದರೆ ಬೆಳೆಯುತ್ತಾ ಬಂದು, ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯಲ್ಲಿ ದೊಡ್ಡವರಿಗೆ ವಾರಕ್ಕೆ 48 ತಾಸಿನ ಮಿತಿಯೂ, 14 ವರುಷದೊಳಗಿನ ಮಕ್ಕಳಿಗೆ ಪೂರಾ ನಿಷೇಧವೂ ಆಯಿತು.

ಈತನಲ್ಲಿ ಕೊರತೆಗಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಅವನ ಸ್ವಭಾವವು ಚಿಂತೆಗೂ ಬೇಗನೆ ನೊಂದುಕೊಳ್ಳುವದಕ್ಕೂ ಒಳಗಾದದ್ದು. ಕೂಲಿಯವರಿಗೆ ಮತದ ಹಕ್ಕನ್ನು ಕೊಡುವದಕ್ಕೆ ಅವನು ಅಂಜಿದನು. ಅವರು ತಾವೇ ಕೂಡಿ ತಮ್ಮ ಹಕ್ಕನ್ನು ಸಾಧಿಸುವದಕ್ಕಿಂತ ದೊಡ್ಡವರು ದಯೆಯಿಂದ ಕೊಡುವದೇ ಮೇಲೆಂದು ನೆನಸಿದನು. ಇದರಲ್ಲಿ ಕಾಲವು ಅವನಿಗಿಂತ ಮುಂದೆ ನಡೆಯಿತು. ಆದರೂ ಬಡವರು ಅವನನ್ನು ತಮ್ಮವನೆಂದು ಬಗೆದರು. ಲಂಡನಿನ ಬೀದಿಗಳಲ್ಲಿ ತಳ್ಳುಬಂಡಿಯ ಮೇಲೆ ಕಾಯಿಪಲ್ಯ ಮಾರುವವರು ಅವನನ್ನು ತಮ್ಮ ಸಂಘಕ್ಕೆ ಸೇರಿಸಿಕೊಂಡು, ಶೃಂಗರಿಸಿದ ಒಂದು ಕತ್ತೆಯನ್ನು ಕಾಣಿಕೆಯಾಗಿ ಕೊಟ್ಟರು. ಅವನು ಅದನ್ನು ಸಂತೋಷದಿಂದ ತೆಗೆದುಕೊಂಡನು. ಹರಕುಬಟ್ಟೆಯ ಮಕ್ಕಳಿಗಾಗಿ 1844ರಲ್ಲಿ ಸ್ಥಾಪಿತವಾದ ಶಾಲೆಗಳ ಸಂಘಕ್ಕೆ ಬಾಳಿನ ಕಡೆಯ ವರೆಗೂ ಅಧ್ಯಕ್ಷನಾಗಿದ್ದನು.

1885ನೇ ಅಕ್ಟೋಬರ್ 1ರಂದು ಫೋಕ್‌ಸ್ಟನ್ ಎಂಬ ಸಮುದ್ರತೀರದ ಊರಲ್ಲಿ ಶಾಫ್ಟ್ಸ್‌ಬರಿ ಪ್ರಭುವು ನಿದ್ರೆಹೋದನು. ಅನೇಕ ಅರಸರನ್ನು ಹೂಳಿದ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ 8ರಂದು ಆರಾಧನೆಯು ನಡೆಯಿತು. ಬೀದಿಯ ಎರಡು ಬದಿಗಳಲ್ಲಿಯೂ ಹೂ ಮಾರುವವರು, ಬೂಟು ಒರೆಸುವ ಹುಡುಗರು, ಗಿರಣಿಯವರು ಮಳೆಯಲ್ಲಿ ನಿಂತು ಅತ್ತರು. ಬಡವನ ಪೆಟ್ಟಿಗೆಯ ಹಿಂದೆ ಅಳುವವರಿಲ್ಲದ್ದನ್ನು ಕಂಡು ನಡುಗಿದ ಹುಡುಗನ ಪೆಟ್ಟಿಗೆಯ ಹಿಂದೆ ಪಟ್ಟಣದ ಬಡವರೆಲ್ಲರೂ ಇದ್ದರು. ಅವನ ಇಷ್ಟದಂತೆ ದೇಹವನ್ನು ಸ್ವಂತ ಹಳ್ಳಿಯಾದ ವಿಂಬರ್ನ್ ಸೇಂಟ್ ಜೈಲ್ಸಿನಲ್ಲಿ ಹೂಣಿಟ್ಟರು.

ವಾಚಕರೇ, ನಮ್ಮಲ್ಲಿ ಗಿರಣಿಯ ಒಡೆಯರು ಬಹಳ ಮಂದಿ ಇರಲಿಕ್ಕಿಲ್ಲ. ಆದರೆ ನಾಟಿಯ ಕಾಲಕ್ಕೆ ನಾಲ್ಕು ಆಳುಗಳನ್ನು ಕರೆಯುವವರಿದ್ದೇವೆ. ಮಗ್ಗದ ಬಳಿ, ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ ಒಬ್ಬರನ್ನಾದರೂ ಇಟ್ಟುಕೊಂಡವರಿದ್ದೇವೆ. ಆ ಆಳಿಗೆ ಕುಡಿಯಲು ನೀರೆಲ್ಲಿದೆ, ನೆರಳೆಲ್ಲಿದೆ, ಅವನ ಮಗು ಈ ಹೊತ್ತು ಶಾಲೆಯಲ್ಲಿದೆಯೋ ಹೊಲದಲ್ಲಿದೆಯೋ, ಸಂಜೆಯ ಕೂಲಿಯು ಸಂಜೆಗೇ ಅವನ ಕೈಸೇರಿತೋ, ಅವನ ಮನೆಯ ಸೂರು ಸೋರುತ್ತದೋ ಎಂದು ಹೋಗಿ ನೋಡಿದ್ದೇವೆಯೇ? ಶಾಫ್ಟ್ಸ್‌ಬರಿಯು ಮಾಡಿದ ಕಾಯಿದೆಗಳೆಲ್ಲಾ ಹೀಗೆ ಹೋಗಿ ನೋಡಿದ್ದರಿಂದ ಆರಂಭವಾದವು. ಆ ನೋಟಕ್ಕೆ ಪಾರ್ಲಿಮೆಂಟೂ ಬೇಡ, ಪ್ರಭುತ್ವವೂ ಬೇಡ. ಆಳಿನ ಗುಡಿಸಲು ನಮ್ಮ ಮನೆಯಿಂದ ಬಹಳ ದೂರವಿಲ್ಲ.